ಎಳೆಯರಿಗೆ ವಿಜ್ಞಾನ ಪಾಠ: ಒಂದು ಪ್ರಯೋಗದ ಏಳುಬೀಳು

ಎಳೆಯ ಮಕ್ಕಳಿಗೆ ವಿಜ್ಞಾನವನ್ನು ಕಲಿಸಬಹುದೇ, ಕಲಿಸಬಹುದಾದರೆ ಯಾರು ಕಲಿಸಬೇಕು, ಅದಕ್ಕೆ ತಗಲುವ ವೆಚ್ಚವನ್ನು ಯಾರು ಹೊರಬೇಕು ಎಂಬ ಪ್ರಶ್ನೆಗಳು ಇಂದು ನಿನ್ನೆಯವಲ್ಲ. ಮೊದಲನೆಯ ಪ್ರಶ್ನೆಗೆ ಇಂಗ್ಲೆಂಡಿನ ಎರಡು ಹಳ್ಳಿಗಳಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿಯೇ ಉತ್ತರ ದೊರೆತಿತ್ತು. ಉಳಿದೆರಡು ಪ್ರಶ್ನೆಗಳಿಗೆ ಸರಕಾರವು ಕೊಟ್ಟ ಉತ್ತರವು ಮೊದಲನೆಯದನ್ನು ಅಳಿಸಿಹಾಕಿತು. ಆ ಸರಕಾರಿ ಉತ್ತರವೇ ಮುಂದೆ ಕಡಲು ದಾಟಿ ಮುಂಬಯಿ ಇಲಾಖೆಗೂ ಬಂದಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳು ಆ ಇಲಾಖೆಗೆ ಸೇರಿದ್ದುವಾದುದರಿಂದ ಈ ಕಥೆಯು ಕನ್ನಡಿಗರಿಗೆ ತೀರ ಹೊರಗಿನದೇನೂ ಆಗಲಾರದು.

ಕಥೆಯ ಮೊದಲು ಮನೆಪಾಠದಲ್ಲಿದೆ. 1806ರಲ್ಲಿ ಲಂಡನ್ನಿನಲ್ಲಿ ಎರಡು ಸಂಪುಟಗಳ ಒಂದು ಗ್ರಂಥವು ಪ್ರಕಟವಾಯಿತು. ಅದರ ಹೆಸರು 'ಕಾನ್ವರ್ಸೇಷನ್ಸ್ ಆನ್ ಕೆಮಿಸ್ಟ್ರಿ', ಎಂದರೆ ರಸಾಯನಶಾಸ್ತ್ರವನ್ನು ಕುರಿತ ಸಂವಾದಗಳು. ಬರೆದವರ ಹೆಸರು ಪುಸ್ತಕದ ಮೇಲಿರಲಿಲ್ಲ. ಬರೆದಾಕೆ ಜೇನ್ ಮಾರ್ಸೆಟ್. ಲಂಡನ್ನಿನಲ್ಲಿ ನೆಲೆಸಿದ್ದ ಸ್ವಿಸ್ ಮೂಲದ ವರ್ತಕನೂ ಲೇವಾದೇವಿಗಾರನೂ ಆದ ಹಾಲ್ಡಿಮಂಡ್ ಎಂಬವನ ಮಗಳು. ಜಿನೀವಾದಿಂದ ಬಂದ ವೈದ್ಯ ಅಲೆಕ್ಸಾಂಡರ್ ಮಾರ್ಸೆಟ್‌ನ ಹೆಂಡತಿ. ರಾಯಲ್ ಇನ್ಸ್ಟಿಟ್ಯೂಷನ್ನಿನಲ್ಲಿ ಹಂಫ್ರಿ ಡೇವಿಯು ಕೊಡುತ್ತಿದ್ದ ಉಪನ್ಯಾಸಗಳನ್ನು ಕೇಳಲು ಆಕೆ ಹೋಗುತ್ತಿದ್ದಳು. ಕೇಳಿದುದು ಮೊದಮೊದಲು ತಲೆಗೆ ಹತ್ತಲಿಲ್ಲ. ಬಲ್ಲ ಸ್ನೇಹಿತನೊಬ್ಬನೊಡನೆ ಅದನ್ನೇ ಮಾತನಾಡಿದ ಮೇಲೆ, ಕೈಯಾರೆ ಕೆಲವು ಪ್ರಯೋಗಗಳನ್ನು ಮಾಡಿನೋಡಿದ ಮೇಲೆ, ಅದು ತಿಳಿಯತೊಡಗಿತು. ಸಭೆಯಲ್ಲಿ ಕೇಳಿದುದಕ್ಕಿಂತ ಎದುರಾ ಎದುರು ಕುಳಿತು ಕೇಳಿ ಹೇಳಿದುದು ಹೆಚ್ಚು ನಿಲ್ಲುವುದೆಂಬ ಈ ಸ್ವಾನುಭವವನ್ನೇ ಆಕೆ ಪುಸ್ತಕದ ಚೌಕಟ್ಟನ್ನಾಗಿ ಮಾಡಿಕೊಂಡಳು. ಅದರಲ್ಲಿ ಮೂವರು ಪಾತ್ರಗಳು: ಮಿಸೆಸ್ ಬಿ. ಎಂಬ ಉಪಾಧ್ಯಾಯಿನಿ, ಎಮಿಲಿ, ಕ್ಯಾರೊಲಿನ್ ಎಂಬ ಇಬ್ಬರು ಹುಡುಗಿಯರು. ಎಮಿಲಿ ಸಾವಧಾನದವಳು, ಕ್ಯಾರೊಲಿನ್ ಆತುರದವಳು, ತುಸು ತಕರಾರಿನವಳು. ರಸಾಯನಶಾಸ್ತ್ರವೆಂದರೆ ಔಷಧದಂಗಡಿಯವರ ಕೆಲಸವಲ್ಲವೇ, ಅದರಲ್ಲಿ ತಿಳಿಯತಕ್ಕದ್ದೇನಿದೆ ಎಂಬ ಧಾಟಿಯಲ್ಲಿ ಆಕೆ ಮೊದಲ ದಿನವೇ ಮೂಗು ಮುರಿಯುತ್ತಾಳೆ. ಈ ತಕರಾರಿನವಳನ್ನು ಇಟ್ಟುಕೊಂಡದ್ದೇ ಪುಸ್ತಕದ ಜೀವಾಳವೆನ್ನಬೇಕು. ನಮ್ಮಲ್ಲಿ ಉಪನಿಷತ್ತುಗಳಿಂದ ಮೊದಲುಗೊಂಡು ಶೂನ್ಯಸಂಪಾದನೆಯವರೆಗೆ ಪ್ರಶ್ನೋತ್ತರದ ಹಾದಿ ಚೆನ್ನಾಗಿ ಸವೆದದ್ದೇ ಆದರೂ, ಅಲ್ಲಿ ಪ್ರಶ್ನಿಸುವವರು ಪಕ್ವವಯಸ್ಕರು. ಆಡುವ ವಯಸ್ಸಿನ ಹುಡುಗಿಯ ಅಡ್ಡಪ್ರಶ್ನೆಗೆ ಶಾಸ್ತ್ರವು ಉತ್ತರ ಕೊಡಬೇಕಾದ ಪ್ರಸಂಗ ವಿರಳ.

ಈ ಪುಸ್ತಕವು ಇಂಗ್ಲೆಂಡಿನಲ್ಲಿ ಹದಿನಾರು ಆವೃತ್ತಿಗಳನ್ನು ಕಂಡಿತು. ಅಮೆರಿಕದಲ್ಲಿ ಒಪ್ಪಿಗೆಯ ಗೊಡವೆಯಿಲ್ಲದೆಯೇ ಮತ್ತೆ ಮತ್ತೆ ಮುದ್ರಿತವಾಗಿ ಶಾಲೆಗಳನ್ನು ಹೊಕ್ಕಿತು. ಆದರೆ ಅದರ ನಿಜವಾದ ಲಾಭವು ದೊರೆತದ್ದು ಮಾರ್ಸೆಟ್ ಕನಸಿನಲ್ಲಿಯೂ ನೆನೆಯದಿದ್ದ ಒಬ್ಬ ಓದುಗನಿಗೆ. ಕಮ್ಮಾರನ ಮಗನಾದ ಮೈಕೆಲ್ ಫ್ಯಾರಡೆ ಆಗ ಲಂಡನ್ನಿನಲ್ಲಿ ರೀಬೋ ಎಂಬ ಪುಸ್ತಕ ಕಟ್ಟುವವನ ಬಳಿ ಏಳು ವರ್ಷಗಳ ಉಮೇದುವಾರಿಯಲ್ಲಿದ್ದ. ಕಟ್ಟಲು ಬಂದ ಪುಸ್ತಕಗಳನ್ನು ಕಟ್ಟುವ ಮೊದಲು ಓದುವುದು ಅವನ ಅಭ್ಯಾಸ. ಹೀಗೆ ಮಾರ್ಸೆಟ್‌ಳ ಸಂವಾದಗಳು ಅವನ ಕೈಗೆ ಬಂದುವು. ಓದಿದುದನ್ನು ಅವನು ಹಾಗೆಯೇ ನಂಬಲಿಲ್ಲ. ಕೈಯಲ್ಲಿದ್ದ ಬಿಡಿಗಾಸಿನಲ್ಲಿ ಸಾಧ್ಯವಾದಷ್ಟು ಪ್ರಯೋಗಗಳನ್ನು ಮಾಡಿ, ಪುಸ್ತಕದ ಮಾತು ನಿಜವೆಂದು ಕಂಡ ಮೇಲೆ ಅದನ್ನು ಲಂಗರಿನಂತೆ ಹಿಡಿದುಕೊಂಡ. 1858ರಲ್ಲಿ ಆಕೆ ತೀರಿಕೊಂಡಾಗ, ಯುರೋಪಿನಲ್ಲೆಲ್ಲ ಹೆಸರಾಗಿದ್ದ ಫ್ಯಾರಡೆ ಈ ಋಣವನ್ನು ಪತ್ರವೊಂದರಲ್ಲಿ ಮನಸಾರೆ ಒಪ್ಪಿಕೊಂಡಿದ್ದಾನೆ. ತನ್ನ ಗ್ರಂಥಗಳ ಪ್ರತಿಗಳನ್ನು ಆಕೆಗೆ ಕಳುಹಿಸುವಾಗಲೆಲ್ಲ ಮೊದಲ ಗುರುವಿಗೆ ಕಾಣಿಕೆ ಸಲ್ಲಿಸುವ ಭಾವವಿರುತ್ತಿತ್ತೆಂದು ಅವನ ಮಾತಿನ ಆಶಯ. ಕಲಿಸಿದವಳು ಶಿಷ್ಯನನ್ನು ನೋಡದೆಯೇ ನಡೆದ ಮನೆಪಾಠವಿದು.

ಫ್ಯಾರಡೆ ಆ ಸಾಲವನ್ನು ತೀರಿಸಿದ ಬಗೆ ಎಲ್ಲರಿಗೂ ತಿಳಿದದ್ದೇ. ರಾಯಲ್ ಇನ್ಸ್ಟಿಟ್ಯೂಷನ್ನಿನಲ್ಲಿ 1825ರಲ್ಲಿ ಆರಂಭವಾದ ಕ್ರಿಸ್‌ಮಸ್ ಉಪನ್ಯಾಸಗಳು ಮಕ್ಕಳಿಗಾಗಿ ಮೀಸಲು. 1827ರಿಂದ 1860ರವರೆಗೆ ಫ್ಯಾರಡೆ ಹತ್ತೊಂಬತ್ತು ಮಾಲಿಕೆಗಳನ್ನು ತಾನೇ ನಡೆಸಿಕೊಟ್ಟ. ಅವುಗಳಲ್ಲಿ ಕೊನೆಯದು ಮೇಣದ ಬತ್ತಿಯನ್ನು ಕುರಿತದ್ದು. ವಿಲಿಯಂ ಕ್ರೂಕ್ಸ್ ಅದನ್ನು ಸಂಪಾದಿಸಿ 1861ರಲ್ಲಿ ಪುಸ್ತಕವನ್ನಾಗಿ ಹೊರತಂದ. ಆರು ಉಪನ್ಯಾಸಗಳಿಗೆ ಒಂದೇ ವಸ್ತು. ಉರಿಯುವ ಬತ್ತಿಯ ತಲೆಯಲ್ಲಿ ಮೇಣವು ಒಂದು ಬಟ್ಟಲಿನಂತೆ ಕರಗಿ ನಿಲ್ಲುತ್ತದೆಯಲ್ಲ, ಆ ಬಟ್ಟಲಿನ ಅಂಚು ಏಕೆ ಕರಗುವುದಿಲ್ಲ? ಬಿಸಿಯಾದ ಗಾಳಿಯು ಮೇಲೇರುವಾಗ ಸುತ್ತಲಿನ ತಣ್ಣನೆಯ ಗಾಳಿಯು ಬತ್ತಿಯ ಪಕ್ಕಗಳನ್ನು ಸವರಿಕೊಂಡು ಏರುವುದರಿಂದ ಅಂಚು ತಂಪಾಗಿ ಉಳಿಯುತ್ತದೆ. ಕರಗಿದ ಮೇಣವು ಮೇಲಕ್ಕೇರುವುದೆಂತು? ನೂಲಿನ ಎಳೆಗಳ ನಡುವಿನ ಸೂಕ್ಷ್ಮ ಸಂದುಗಳು ಅದನ್ನು ಸೆಳೆಯುತ್ತವೆ. ಉರಿಯುವುದು ಮೇಣವೇ? ಅದರ ಆವಿ. ಆಗತಾನೆ ಆರಿಸಿದ ಬತ್ತಿಯಿಂದೇಳುವ ಹೊಗೆಗೆ ಕಡ್ಡಿಯನ್ನು ಹಿಡಿದರೆ ಬೆಂಕಿಯು ಹೊಗೆಯ ದಾರಿಯಲ್ಲಿಯೇ ಇಳಿದು ಬತ್ತಿಯನ್ನು ಮುಟ್ಟುವುದನ್ನು ಯಾವ ಹುಡುಗನಾದರೂ ಮನೆಯಲ್ಲಿ ನೋಡಬಹುದು. ಜ್ವಾಲೆಯ ಬೆಳಕು ಅದರೊಳಗೆ ಕೆಂಪಗೆ ಕಾದ ಇದ್ದಿಲಿನ ಕಣಗಳಿಂದ ಬರುತ್ತದೆ. ಇದನ್ನು ತೋರಿಸಲು ನಮ್ಮ ಮನೆಗಳಲ್ಲಿ ಉಪಕರಣವೇ ಬೇಕಾಗಿಲ್ಲ. ಹಣತೆಯ ಕುಡಿಯ ಮೇಲೆ ಬಟ್ಟಲನ್ನು ಬೋರಲಿಟ್ಟು ಕಾಡಿಗೆ ಹಿಡಿಯುತ್ತಿದ್ದ ಅಜ್ಜಿಯಂದಿರು ಫ್ಯಾರಡೆಯ ಈ ಪ್ರಯೋಗವನ್ನು ಅವನಿಗಿಂತ ಮೊದಲೇ ನಿತ್ಯವೂ ಮಾಡುತ್ತಿದ್ದರು. ಏಕೆಂದು ಕೇಳುವ ಮಗುವೂ ಹೇಳುವ ಗುರುವೂ ಅಲ್ಲಿ ಕೂಡಿಬರಲಿಲ್ಲವಷ್ಟೆ.

ಆದರೆ ರಾಯಲ್ ಇನ್ಸ್ಟಿಟ್ಯೂಷನ್ನಿನ ಸಭಾಂಗಣದಲ್ಲಿ ಕುಳಿತಿದ್ದ ಮಕ್ಕಳು ಯಾರು? ಎಮಿಲಿ, ಕ್ಯಾರೊಲಿನರ ವರ್ಗದವರೇ ಹೆಚ್ಚು. ಇನ್ನೊಬ್ಬ ಕಮ್ಮಾರನ ಮಗನಿಗೆ ಆ ಬಾಗಿಲು ಸುಲಭವಾಗಿ ತೆರೆಯುವಂತಿರಲಿಲ್ಲ. ಬಡವರ ಮಕ್ಕಳಿಗೆ ಇದನ್ನು ಮುಟ್ಟಿಸಲು ಹೊರಟವರು ಇಬ್ಬರು ಗ್ರಾಮ ಪಾದ್ರಿಗಳು. ಇಬ್ಬರೂ ಕೇಂಬ್ರಿಜ್ಜಿನವರು.

ಮೊದಲನೆಯವನು ರಿಚರ್ಡ್ ಡಾಸ್. ಕೇಂಬ್ರಿಜ್ಜಿನ ಗಣಿತ ಪರೀಕ್ಷೆಯಲ್ಲಿ ಉನ್ನತ ಸ್ಥಾನ ಪಡೆದವನು. ಡೌನಿಂಗ್ ಕಾಲೇಜಿನಲ್ಲಿದ್ದು ಅಲ್ಲಿನ ಹಣಕಾಸನ್ನೂ ನೋಡಿಕೊಂಡವನು. ಮುಂದೆ ಹ್ಯಾಂಪ್‌ಷೈರಿನ ಕಿಂಗ್ಸ್ ಸಾಂಬೋರ್ನ್ ಎಂಬ ಬೇಸಾಯದ ಹಳ್ಳಿಗೆ ಪಾದ್ರಿಯಾಗಿ ಬಂದ. ಊರಿನ ತುಂಬ ಕೂಲಿಗಾರರು. ಅಲ್ಲಿ 1842ರಲ್ಲಿ ಅವನು ತೆರೆದ ಶಾಲೆಯಲ್ಲಿ ಮೊದಲಿಗೆ ನಾಲ್ವತ್ತು ಮಕ್ಕಳೂ ಇರಲಿಲ್ಲ; ಕೆಲವೇ ವರ್ಷಗಳಲ್ಲಿ ಆ ಸಂಖ್ಯೆ ಹಲವು ಮಡಿ ಬೆಳೆಯಿತು. ಡಾಸನ ಲೆಕ್ಕಾಚಾರ ವಿಚಾರಯೋಗ್ಯವಾದುದು. ಪುಕ್ಕಟೆ ಶಿಕ್ಷಣವನ್ನು ಅವನು ಒಪ್ಪಲಿಲ್ಲ. ಕೂಲಿಗಾರನು ವಾರಕ್ಕೆ ಪೆನ್ನಿಗಳ ಲೆಕ್ಕದಲ್ಲಿ ಕೊಡಬೇಕು. ಉಳ್ಳ ರೈತನು ಮೂರು ತಿಂಗಳಿಗೊಮ್ಮೆ ಷಿಲಿಂಗುಗಳ ಲೆಕ್ಕದಲ್ಲಿ ಕೊಡಬೇಕು. ಕುಳಿತುಕೊಳ್ಳುವುದು ಮಾತ್ರ ಒಂದೇ ಬೆಂಚಿನ ಮೇಲೆ. ರೈತನು ಮಗನನ್ನು ಇಲ್ಲಿಗೇ ಕಳುಹಿಸುವಂತಾಗಬೇಕಾದರೆ ಪಾಠವು ಅಷ್ಟು ಒಳ್ಳೆಯದಾಗಿರಬೇಕು, ಹಾಗಾದರೆ ಕೂಲಿಯವನ ಮಗನಿಗೂ ಅದೇ ಒಳ್ಳೆಯ ಪಾಠ ದಕ್ಕುತ್ತದೆ ಎಂಬುದು ಅವನ ತರ್ಕ. ದಾನದ ಶಾಲೆಯು ದಾನದ ಮಟ್ಟದಲ್ಲಿಯೇ ಉಳಿಯುವುದನ್ನು ಕಂಡವರಿಗೆ ಈ ತರ್ಕದ ಬೆಲೆ ತಿಳಿದೀತು.

ಡಾಸ್ ಕಲಿಸಿದ ವಿಜ್ಞಾನಕ್ಕೆ 'ನಿತ್ಯವಸ್ತುಗಳ ವಿಜ್ಞಾನ' ಎಂಬ ಹೆಸರು ಬಂತು. 1847ರಲ್ಲಿ ಅವನು ಬರೆದ 'ಸಜೆಸ್ಟಿವ್ ಹಿಂಟ್ಸ್' ಎಂಬ ಮಾಸ್ತರರ ಕೈಪಿಡಿಯಲ್ಲಿ ಗುಡಿಸಲಿನ ಒಲೆ, ಚಹದ ಪಾತ್ರೆ, ಮೈಮೇಲಿನ ಉಣ್ಣೆ, ಕಿಟಕಿಯ ಗಾಜಿನ ಮೇಲಿನ ಹನಿ ಇವೇ ಪಾಠದ ಸಾಮಗ್ರಿ. ಹೊಳೆಯುವ ಲೋಹದ ಪಾತ್ರೆಯಲ್ಲಿ ಚಹ ಹೆಚ್ಚು ಹೊತ್ತು ಬಿಸಿಯಾಗಿರುತ್ತದೆಯೋ, ಕಪ್ಪು ಮಣ್ಣಿನ ಪಾತ್ರೆಯಲ್ಲಿಯೋ? ಅಜ್ಜಿಯನ್ನು ಕೇಳಿದರೆ ಅವಳೊಂದು ಹೇಳುತ್ತಾಳೆ. ಉಷ್ಣಮಾಪಕವನ್ನು ಅದ್ದಿ ನೋಡಿದರೆ ಕೂಡಲೇ ಗೊತ್ತಾಗುತ್ತದೆ. ನುಣುಪಾದ, ಹೊಳೆಯುವ ಮೈಯಿಂದ ಶಾಖವು ನಿಧಾನವಾಗಿ ಹೊರಸೂಸುತ್ತದೆ, ಒರಟಾದ ಕಪ್ಪು ಮೈಯಿಂದ ಬೇಗನೆ. ಮಗುವು ಆ ಸಂಜೆ ಮನೆಗೆ ಹೋಗಿ ತಾಯಿಗೆ ಹೇಳುವುದು ಈ ಮಾತನ್ನೇ. ಪಾಠವು ಶಾಲೆಯಿಂದ ಮನೆಗೆ ನಡೆದುಹೋಗಬೇಕೆಂಬುದೇ ಡಾಸನ ಉದ್ದೇಶ. ಶಾಲೆಯಲ್ಲಿ ವಾಯುಭಾರಮಾಪಕ, ಉಷ್ಣಮಾಪಕಗಳಿದ್ದುವು. ಹೊಲದ ಅಳತೆ, ಬಣವೆಯ ಘನಫಲ, ಕೂಲಿಯ ಲೆಕ್ಕ ಇವುಗಳಲ್ಲಿಯೇ ಗಣಿತವನ್ನು ಕಲಿಸಲಾಗುತ್ತಿತ್ತು. ಸರಕಾರದ ಪರಿವೀಕ್ಷಕ ಹೆನ್ರಿ ಮೋಸ್ಲಿ ಸ್ವತಃ ವಿಜ್ಞಾನದ ಅಧ್ಯಾಪಕನಾಗಿದ್ದವನು. ಆ ಶಾಲೆಯನ್ನು ನೋಡಿ ಅವನು ಬರೆದ ವರದಿಗಳಿಂದ ಕಿಂಗ್ಸ್ ಸಾಂಬೋರ್ನಿನ ಹೆಸರು ದೇಶಕ್ಕೆಲ್ಲ ತಿಳಿಯಿತು. 1850ರಲ್ಲಿ ಡಾಸ್ ಹೆರಫರ್ಡಿನ ಡೀನ್ ಪದವಿಗೇರಿ ಊರನ್ನು ಬಿಟ್ಟ. 1853ರಲ್ಲಿ ಲಾರ್ಡ್ ಆ್ಯಷ್‌ಬರ್ಟನ್ ಎಂಬ ಶ್ರೀಮಂತನು ನಿತ್ಯವಸ್ತುಗಳ ವಿಜ್ಞಾನವನ್ನು ಚೆನ್ನಾಗಿ ಕಲಿಸುವ ಮಾಸ್ತರರಿಗೆ ಬಹುಮಾನಗಳನ್ನು ಸಾರಿದ.

ಎರಡನೆಯವನು ಜಾನ್ ಸ್ಟೀವನ್ಸ್ ಹೆನ್ಸ್ಲೋ. ಡಾರ್ವಿನನ ಗುರು, 1831ರಲ್ಲಿ ಬೀಗಲ್ ಹಡಗಿನ ಯಾತ್ರೆಗೆ ಅವನ ಹೆಸರನ್ನು ಸೂಚಿಸಿದವನು. ಕೇಂಬ್ರಿಜ್ಜಿನಲ್ಲಿ ಸಸ್ಯಶಾಸ್ತ್ರದ ಪ್ರಾಧ್ಯಾಪಕನಾಗಿದ್ದುಕೊಂಡೇ 1837ರಲ್ಲಿ ಸಫೋಕಿನ ಹಿಚ್ಚಮ್ ಎಂಬ ಬಡ ಗ್ರಾಮದ ಪಾದ್ರಿಯೂ ಆದ. ಕೂಲಿಗಾರರಿಗೆ ತುಂಡು ನೆಲವನ್ನು ಗೇಣಿಗೆ ಕೊಡಿಸಲು ಹೊರಟು ಊರಿನ ದೊಡ್ಡ ರೈತರ ವಿರೋಧವನ್ನು ಕಟ್ಟಿಕೊಂಡವನು. ಹಳ್ಳಿಯ ಶಾಲೆಯಲ್ಲಿ ಅವನು ಸೋಮವಾರದ ಮಧ್ಯಾಹ್ನಗಳಲ್ಲಿ ಸಸ್ಯಶಾಸ್ತ್ರದ ಪಾಠವನ್ನು ಹೇಳತೊಡಗಿದ. ಕಡ್ಡಾಯವಿಲ್ಲ, ಇಷ್ಟವಿದ್ದವರು ಬರಬಹುದು. ಹುಡುಗರು ಬೇಗನೆ ಹೊಲದ ಕೆಲಸಕ್ಕೆ ಹೋಗಿಬಿಡುತ್ತಿದ್ದುದರಿಂದ ಬಂದವರಲ್ಲಿ ಹುಡುಗಿಯರೇ ಹೆಚ್ಚು. ವರ್ಗಕ್ಕೆ ಸೇರಬೇಕಾದರೆ ಒಂದು ನಿಬಂಧನೆ ಮಾತ್ರ ಇತ್ತು. ದ್ವಿದಳ, ಏಕದಳ ಮೊದಲಾದ ಅರ್ಥವುಳ್ಳ ಗ್ರೀಕ್ ಮೂಲದ ಉದ್ದುದ್ದ ಪದಗಳ ಕಾಗುಣಿತವನ್ನು ತಪ್ಪಿಲ್ಲದೆ ಬರೆಯಬೇಕು. ಇದನ್ನು ಓದಿದವರಿಗೆ ಹೆನ್ಸ್ಲೋ ಕ್ರೂರಿಯೆಂದು ತೋರಬಹುದು. ಆದರೆ ಅವನ ವಾದ ಬೇರೆ. ಮಗುವು ಹೂವನ್ನು ಕೈಯಲ್ಲಿ ಹಿಡಿದು ಬಿಡಿಸಿ ನೋಡಿದ ಮೇಲೆ ಆ ಪದವು ಹೂವಿನ ಹೆಸರಾಗುತ್ತದೆ. ಹೆಸರಿನ ಉದ್ದಕ್ಕೆ ಮಗುವು ಹೆದರುವುದಿಲ್ಲ, ಹೆದರುವವರು ದೊಡ್ಡವರು. ಮಕ್ಕಳು ಊರ ಸುತ್ತಲಿನ ಬೇಲಿ, ಹಳ್ಳ, ಗದ್ದೆಗಳಿಂದ ಹೂಗಳನ್ನು ತರುವರು. ಅವುಗಳನ್ನು ಶಾಲೆಯ ಗೋಡೆಗೆ ತೂಗುಹಾಕಿದ ಚೌಕಟ್ಟಿನ ಸೀಸೆಗಳಲ್ಲಿ ಹೆಸರು ಬರೆದು ಇಡುವರು. ಯಾವ ಗಿಡವು ಆ ವರ್ಷ ಎಂದು ಮೊದಲು ಹೂ ಬಿಟ್ಟಿತೆಂಬುದನ್ನು ಗುರುತು ಹಾಕುವರು. ಪ್ರತಿಯೊಂದು ಹೂವಿಗೂ ಒಂದು ಪಟ್ಟಿ: ಪುಷ್ಪಪತ್ರ, ದಳ, ಕೇಸರ, ಅಂಡಾಶಯ, ಇವು ಎಷ್ಟು, ಒಂದಕ್ಕೊಂದು ಕೂಡಿವೆಯೇ ಬಿಡಿಯಾಗಿವೆಯೇ ಎಂಬುದನ್ನು ನೋಡಿ ತುಂಬತಕ್ಕದ್ದು. ಜಮಾಖರ್ಚಿನ ಪುಸ್ತಕವನ್ನು ಬರೆದು ಬಲ್ಲವರಿಗೆ ಈ ಪಟ್ಟಿಯ ಗುಣ ಕೂಡಲೇ ತಿಳಿಯುತ್ತದೆ. ಖಾಲಿ ಬಿಟ್ಟ ಕಲಮು ಎದ್ದು ಕಾಣುತ್ತದೆ, ಊಹೆಯಿಂದ ತುಂಬಿದುದು ಸಿಕ್ಕಿಬೀಳುತ್ತದೆ.

ಹೆನ್ಸ್ಲೋನ ಖ್ಯಾತಿಯು ಅರಮನೆಯನ್ನು ಮುಟ್ಟಿತು. ವಿಕ್ಟೋರಿಯಾ ರಾಣಿಯ ಮಕ್ಕಳಿಗೆ ಸಸ್ಯಶಾಸ್ತ್ರವನ್ನು ಹೇಳಲು ಅವನನ್ನು ಕರೆಸಿಕೊಂಡರು. ಹಿಚ್ಚಮ್ಮಿನ ಕೂಲಿಯವರ ಹುಡುಗಿಯರಿಗೆ ಹೇಳಿದ ಪಾಠವನ್ನೇ, ಅದೇ ಸರಳವಾದ ಮಾತಿನಲ್ಲಿ, ಅವನು ರಾಜಕುಮಾರಿಯರಿಗೂ ಹೇಳಿ ಬಂದ.

ಇದೇ ಕಾಲದಲ್ಲಿ ಇದಕ್ಕೆ ಹೊರಗಿನಿಂದ ಹೋಲುವ, ಒಳಗೆ ಬೇರೆಯಾದ ಇನ್ನೊಂದು ಪದ್ಧತಿಯೂ ಬೆಳೆಯುತ್ತಿತ್ತು. ಪೆಸ್ಟಲೋಟ್ಸಿಯ ತತ್ತ್ವವನ್ನು ಇಂಗ್ಲೆಂಡಿಗೆ ತಂದ ಮೇಯೋ ಅಣ್ಣತಂಗಿಯರ 'ವಸ್ತುಪಾಠ'ಗಳಿವು. ಗಾಜು, ರಬ್ಬರು, ಸಕ್ಕರೆ ಇವುಗಳನ್ನು ಮಗುವಿನ ಮುಂದಿಟ್ಟು ಗುಣಗಳನ್ನು ಹೇಳಿಸುವುದು. ತತ್ತ್ವವು ಒಳ್ಳೆಯದೇ. ಆದರೆ ತರಬೇತಿಯಿಲ್ಲದ ಮಾಸ್ತರರ ಕೈಯಲ್ಲಿ ವಸ್ತುವು ಕಪಾಟಿನಲ್ಲಿಯೇ ಉಳಿದು, 'ಪಾರದರ್ಶಕ, ಭಂಗುರ, ನಿರ್ಗಂಧ' ಎಂಬ ಪದಗಳ ಪಟ್ಟಿ ಮಾತ್ರ ಬಾಯಿಗೆ ಬಂದಿತು. ಡಿಕನ್ಸ್ 1854ರ 'ಹಾರ್ಡ್ ಟೈಮ್ಸ್' ಕಾದಂಬರಿಯ ಮೊದಲಲ್ಲಿಯೇ ಇದನ್ನು ಹಂಗಿಸಿದ್ದಾನೆ. ಕುದುರೆಗಳ ನಡುವೆಯೇ ಬೆಳೆದ ಸರ್ಕಸ್ಸಿನ ಹುಡುಗಿಗೆ ಕುದುರೆಯ ಲಕ್ಷಣ ಹೇಳಲು ಬರುವುದಿಲ್ಲ. ಅದನ್ನು ಬಾಯಿಪಾಠ ಮಾಡಿದ ಹುಡುಗನು ಹಲ್ಲುಗಳ ಲೆಕ್ಕದೊಡನೆ ಒಪ್ಪಿಸುತ್ತಾನೆ. ನಮ್ಮ ಹಳೆಯ ವಾಚನಪುಸ್ತಕಗಳಲ್ಲಿದ್ದ ಆಕಳಿನ ಪಾಠವನ್ನು ಓದಿದವರಿಗೆ ಈ ಪರಿಹಾಸ ಚೆನ್ನಾಗಿಯೇ ತಾಗುತ್ತದೆ.

ಹಳ್ಳಿಯ ಮಕ್ಕಳು ಹೀಗೆ ಮುಂದೆ ಬರುತ್ತಿದ್ದುದನ್ನು ಮೇಲಿನವರು ಹೇಗೆ ಕಂಡರು? ರಾಯಲ್ ಸೊಸೈಟಿಯ ಅಧ್ಯಕ್ಷನಾಗಿದ್ದ ಲಾರ್ಡ್ ರಾಟೆಸ್ಲಿ ಎಂಬ ಖಗೋಳಶಾಸ್ತ್ರಜ್ಞನು 1860ರಲ್ಲಿ ದಾಖಲಿಸಿದ ಒಂದು ಪ್ರಸಂಗವಿದೆ. ಬಡಮಕ್ಕಳ ಶಾಲೆಯಲ್ಲಿ ಒಂದು ಪ್ರಶ್ನೆಯನ್ನು ಕೇಳಿದಾಗ, ಕುಂಟುತ್ತ ಮುಂದೆ ಬಂದ, ಹಸಿವಿನಿಂದ ಬಾಡಿದ ಮುಖದ ಒಬ್ಬ ಗೂನುಬೆನ್ನಿನ ಹುಡುಗ ಅತ್ಯಂತ ಸ್ಪಷ್ಟವಾದ ಉತ್ತರವನ್ನು ಕೊಟ್ಟನಂತೆ. ಕೇಳಿದವರಿಗೆ ಮೆಚ್ಚುಗೆಯಾಯಿತು; ಜೊತೆಗೆ ನಾಚಿಕೆಯೂ ಆಯಿತು. ನಾಚಿಕೆಯೇಕೆ? ಉನ್ನತ ಕುಲದವರಿಗೆ ಗೊತ್ತಿಲ್ಲದುದು ಅತಿ ಕೆಳಗಿನವರಿಗೆ ಗೊತ್ತಿದೆಯಲ್ಲ ಎಂದು. ಅಂಥ ಸಮಾಜಸ್ಥಿತಿಯು ಆರೋಗ್ಯಕರವಲ್ಲವೆಂಬುದು ಆತನ ತೀರ್ಮಾನ. ಆತನು ದುಷ್ಟನೇನಲ್ಲ, ವಿಜ್ಞಾನಶಿಕ್ಷಣದ ಪಕ್ಷಪಾತಿಯೇ. ಮೇಲ್ವರ್ಗದವರಿಗೂ ವಿಜ್ಞಾನವನ್ನು ಕಲಿಸಿರಿ ಎಂಬುದಕ್ಕಾಗಿ ಈ ಮಾತನ್ನು ಎತ್ತಿದ. ಆದರೂ ಆ ಹುಡುಗನ ಉತ್ತರವನ್ನು ಕೇಳಿ ನಾಚಿಕೆಪಡುವ ಮನಸ್ಸೇ ಅಂದಿನ ಆಳುವ ವರ್ಗದ ಮನಸ್ಸಾಗಿತ್ತೆಂಬುದನ್ನು ಮುಂದಿನ ಎರಡು ವರ್ಷಗಳು ತೋರಿಸಿಕೊಟ್ಟುವು.

1862ರ ಪರಿಷ್ಕೃತ ನಿಯಮಾವಳಿಯು ರಾಬರ್ಟ್ ಲೋ ಎಂಬ ಮಂತ್ರಿಯ ಸೃಷ್ಟಿ. ಕ್ರಿಮಿಯಾದ ಯುದ್ಧದಿಂದ ಬೊಕ್ಕಸ ಸೊರಗಿತ್ತು. ಶಾಲೆಗಳ ಸಹಾಯಧನವು ವರ್ಷವರ್ಷಕ್ಕೂ ಏರುತ್ತಿತ್ತು. ಹೊಸ ಪದ್ಧತಿಯು ಅಗ್ಗವಾಗದಿದ್ದರೆ ಫಲಕಾರಿಯಾದೀತು, ಫಲಕಾರಿಯಾಗದಿದ್ದರೆ ಅಗ್ಗವಾದೀತು ಎಂದು ಲೋ ಪಾರ್ಲಿಮೆಂಟಿಗೆ ಭರವಸೆ ಕೊಟ್ಟ. ಅದರ ಲೆಕ್ಕವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಸರಾಸರಿ ಹಾಜರಿಯ ಮೇಲೆ ಮಗುವೊಂದಕ್ಕೆ 4 ಷಿಲಿಂಗು. ಆರು ವರ್ಷಕ್ಕೆ ಮೇಲ್ಪಟ್ಟ ಮಗುವು ಓದು, ಬರೆಹ, ಲೆಕ್ಕ ಈ ಮೂರರಲ್ಲಿಯೂ ಪರಿವೀಕ್ಷಕನ ಮುಂದೆ ತೇರ್ಗಡೆಯಾದರೆ 8 ಷಿಲಿಂಗು. ಒಂದರಲ್ಲಿ ತಪ್ಪಿದರೆ 2 ಷಿಲಿಂಗು 8 ಪೆನ್ನಿ ಕಡಿತ. ಅಂದರೆ ಅಂಥ ನೂರು ಮಕ್ಕಳ ಶಾಲೆಗೆ ಎಲ್ಲವೂ ಸರಿಯಾಗಿ ನಡೆದರೆ ವರ್ಷಕ್ಕೆ 60 ಪೌಂಡು. ಅದರಲ್ಲಿ 40 ಪೌಂಡು ಒಂದೇ ದಿನದ ಪರೀಕ್ಷೆಯನ್ನು ಅವಲಂಬಿಸಿದ್ದು. ಹೂವಿನ ಪಟ್ಟಿಗೆ, ಉಷ್ಣಮಾಪಕಕ್ಕೆ, ಚಹದ ಪಾತ್ರೆಯ ಪ್ರಶ್ನೆಗೆ ಈ ಲೆಕ್ಕದಲ್ಲಿ ಒಂದು ಪೆನ್ನಿಯೂ ಇಲ್ಲ. ವಿಜ್ಞಾನವನ್ನು ನಿಷೇಧಿಸುವ ಒಂದು ವಾಕ್ಯವೂ ನಿಯಮಾವಳಿಯಲ್ಲಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಮಾಸ್ತರನ ಸಂಬಳವು ಸಹಾಯಧನದಿಂದ ಬರುವಾಗ, ಸಹಾಯಧನವು ಕಾಗುಣಿತದಿಂದ ಬರುವಾಗ, ಸೋಮವಾರದ ಮಧ್ಯಾಹ್ನವನ್ನು ಹೂವಿಗೆ ಕೊಡುವ ಮಾಸ್ತರನು ತನ್ನ ಅನ್ನವನ್ನು ತಾನೇ ಕಡಿದುಕೊಂಡಂತೆ.

ಇದರೊಡನೆ ಇನ್ನೊಂದು ಏಟೂ ಬಿದ್ದಿತು. 1846ರಿಂದ ನಡೆದುಬಂದಿದ್ದ ಒಂದು ಏರ್ಪಾಡಿನಂತೆ, ಹದಿಮೂರು ತುಂಬಿದ ಜಾಣ ಹುಡುಗ ಹುಡುಗಿಯರು ಐದು ವರ್ಷ ಶಿಷ್ಯಶಿಕ್ಷಕರಾಗಿ ಶಾಲೆಯಲ್ಲಿ ಉಳಿಯುತ್ತಿದ್ದರು. ಹಗಲಿನಲ್ಲಿ ಚಿಕ್ಕವರಿಗೆ ಇವರು ಕಲಿಸುವುದು. ದಿನಕ್ಕೆ ಒಂದೂವರೆ ಗಂಟೆ ಮುಖ್ಯ ಮಾಸ್ತರನು ಇವರಿಗೆ ಪ್ರತ್ಯೇಕ ಪಾಠ ಹೇಳುವುದು. ಮೊದಲ ವರ್ಷ 10 ಪೌಂಡಿನಿಂದ ಐದನೆಯ ವರ್ಷ 20 ಪೌಂಡಿನವರೆಗೆ ಸರಕಾರವೇ ಇವರಿಗೆ ಸಂಬಳ ಕೊಡುತ್ತಿತ್ತು. ಡಾಸನಂಥವರ ಪದ್ಧತಿಯು ಒಂದು ತಲೆಮಾರಿನಿಂದ ಇನ್ನೊಂದಕ್ಕೆ ದಾಟಬಹುದಾಗಿದ್ದ ಸೇತುವೆ ಇದು. ಹೊಸ ನಿಯಮಾವಳಿಯು ಈ ನೇರ ಸಂಬಳವನ್ನು ನಿಲ್ಲಿಸಿತು. ಶಿಷ್ಯಶಿಕ್ಷಕರ ಸಂಖ್ಯೆಯೂ ಇಳಿಯಿತು. 1861ರಲ್ಲಿ 8 ಲಕ್ಷ 13 ಸಾವಿರ ಪೌಂಡುಗಳಷ್ಟಿದ್ದ ಸಹಾಯಧನದ ಮೊತ್ತವು 1865ರ ಹೊತ್ತಿಗೆ 6 ಲಕ್ಷ 37 ಸಾವಿರದ ಹತ್ತಿರಕ್ಕೆ ಬಂದಿತು. ಲೋ ಕೊಟ್ಟ ಎರಡು ಭರವಸೆಗಳಲ್ಲಿ ಅಗ್ಗದ್ದು ನೆರವೇರಿತು. ಕವಿಯೂ ಶಾಲಾ ಪರಿವೀಕ್ಷಕನೂ ಆಗಿದ್ದ ಮ್ಯಾಥ್ಯೂ ಆರ್ನಲ್ಡ್ ಇದನ್ನು ಮೊದಲಿನಿಂದಲೂ ಬಹಿರಂಗವಾಗಿ ವಿರೋಧಿಸಿದ. ಶಾಲೆಗಳಲ್ಲಿ ಬುದ್ಧಿಯ ಚಲನೆ ಕುಂದಿತೆಂದು 1867ರ ತನ್ನ ವರದಿಯಲ್ಲಿ ಕಾಣಿಸಿದ.

ವಿಪರ್ಯಾಸವೆಂದರೆ ಅದೇ 1862ರಲ್ಲಿ ಫ್ಯಾರಡೆಯು ಇನ್ನೊಂದು ಸರಕಾರಿ ಆಯೋಗದ ಮುಂದೆ ಸಾಕ್ಷ್ಯ ನುಡಿದ. ಅದು ಶ್ರೀಮಂತರ ಪಬ್ಲಿಕ್ ಶಾಲೆಗಳನ್ನು ವಿಚಾರಿಸುತ್ತಿದ್ದ ಆಯೋಗ. ಸರಳವಾಗಿ ಹೇಳಿ ಪ್ರಯೋಗವನ್ನು ತೋರಿಸಿದರೆ ಗ್ರಹಿಸಲಾರದ ಹುಡುಗನನ್ನು ತಾನು ಕಂಡೇ ಇಲ್ಲವೆಂದೂ, ತಿಳಿದವರೆನಿಸಿಕೊಂಡ ದೊಡ್ಡವರಿಗಿಂತ ಮಕ್ಕಳೇ ಮೇಲೆಂದೂ ಅವನು ಹೇಳಿದ. ಮಕ್ಕಳ ಶಕ್ತಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ. ಆದರೆ ಬಡವರ ಮಕ್ಕಳ ಕಡತವು ಆ ಆಯೋಗದ ಮೇಜಿನ ಮೇಲಿರಲಿಲ್ಲ. ಹೆನ್ಸ್ಲೋ 1861ರಲ್ಲಿಯೇ ತೀರಿಕೊಂಡಿದ್ದ. ಡಾಸ್ 1867ರವರೆಗೆ ಬದುಕಿದ್ದು ತನ್ನ ಕೆಲಸ ಸೊರಗುವುದನ್ನು ಕಣ್ಣಾರೆ ಕಂಡ. ಪ್ರಾಥಮಿಕ ಶಾಲೆಗಳಿಗೆ ವಿಜ್ಞಾನವು ಹೇಳಿಕೊಳ್ಳುವ ಮಟ್ಟಿಗೆ ಹಿಂದಿರುಗಲು ಇಪ್ಪತ್ತು ವರ್ಷ ಹಿಡಿಯಿತು. ಬಂದಾಗಲೂ ಅದು ಬಹುಮಟ್ಟಿಗೆ ವಸ್ತುಪಾಠದ ವೇಷದಲ್ಲಿ.

ಇನ್ನು ಹಿಂದುಸ್ಥಾನದ ಮಾತು. ಡಾಸನ ಶಾಲೆಯ ಹೆಸರು ಇಂಗ್ಲೆಂಡಿನಲ್ಲಿ ಉಚ್ಛ್ರಾಯದಲ್ಲಿದ್ದಾಗಲೇ ಮುಂಬಯಿಯಲ್ಲಿ ಎಲ್ಫಿನ್ಸ್ಟನ್ ಸಂಸ್ಥೆಯ ತರುಣರು 1848ರಲ್ಲಿ ಸಾಹಿತ್ಯ ಮತ್ತು ವಿಜ್ಞಾನಗಳ ವಿದ್ಯಾರ್ಥಿ ಸಮಾಜವನ್ನು ಕಟ್ಟಿದ್ದರು. ದಾದಾಭಾಯಿ ನವರೋಜಿಯವರು ಅದರಲ್ಲಿ ಪ್ರಮುಖರು. ಮುಂದೆ ಅವರು ಅದೇ ಸಂಸ್ಥೆಯಲ್ಲಿ ಗಣಿತ, ಭೌತವಿಜ್ಞಾನಗಳ ಪ್ರಾಧ್ಯಾಪಕರಾದರು. ಆ ಸಮಾಜದ ಸದಸ್ಯರು ತಮ್ಮ ಬಿಡುವಿನಲ್ಲಿ ಸಂಬಳವಿಲ್ಲದೆ ಹೆಣ್ಣುಮಕ್ಕಳಿಗೆ ಪಾಠ ಹೇಳಿದರು. ಮರಾಠಿ, ಗುಜರಾತಿಗಳಲ್ಲಿ ವಿಜ್ಞಾನದ ವ್ಯಾಖ್ಯಾನಗಳನ್ನು ನಡೆಸಿದರು. ಹೀಗೆ ನೆಲದಿಂದಲೇ ಮೊಳೆತ ಈ ಚಿಗುರಿಗೆ ಸರಕಾರವು ಕಳುಹಿಸಿದ ಗೊಬ್ಬರ ಮಾತ್ರ ಲಂಡನ್ನಿನ ಹೊಸ ತಯಾರಿಕೆಯದು. 1854ರ ವುಡ್‌ನ ಆಜ್ಞಾಪತ್ರದ ಬೆನ್ನಿಗೆ ಸಹಾಯಧನದ ಪದ್ಧತಿ ಬಂದಿತು. ಮುಂಬಯಿ ಇಲಾಖೆಯು ಅದನ್ನು ಮುಖ್ಯವಾಗಿ ಪರೀಕ್ಷಾಫಲದ ಮೇಲೆಯೇ ನಿಲ್ಲಿಸಿತು. 1882ರ ಹಂಟರ್ ಆಯೋಗವು ಸಹಾಯ ಪಡೆಯುವ ಪ್ರಾಥಮಿಕ ಶಾಲೆಗಳಿಗೆ ಬಹುಮಟ್ಟಿಗೆ ಫಲಾನುಸಾರವಾಗಿಯೇ ಹಣ ಸಲ್ಲಬೇಕೆಂದು ಶಿಫಾರಸು ಮಾಡಿತು. ಇಂಗ್ಲೆಂಡಿನಲ್ಲಿ ಆ ಪದ್ಧತಿಯು ನಿಂದೆಗೆ ಗುರಿಯಾಗಿ ಸಡಿಲುತ್ತಿದ್ದ ಹೊತ್ತಿಗೆ ಇಲ್ಲಿ ಅದಕ್ಕೆ ಹೊಸ ಮುದ್ರೆ ಬಿದ್ದಿತು. ಇನ್ಸ್ಪೆಕ್ಟರ್ ಸಾಹೇಬರು ಬರುವ ದಿನ ಮನೆಯಿಂದ ಮಕ್ಕಳನ್ನು ಹೊತ್ತು ತರುತ್ತಿದ್ದ ಮಾಸ್ತರರ ಕಥೆಗಳು ಉತ್ತರ ಕರ್ನಾಟಕದ ಹಿರಿಯರ ಬಾಯಲ್ಲಿ ಬಹುಕಾಲ ಉಳಿದಿದ್ದುವು. ಆ ಕಥೆಗಳ ಬೇರು ಲೋನ ಲೆಕ್ಕದಲ್ಲಿದೆಯೆಂಬುದು ಹೇಳುವವರಿಗೆ ತಿಳಿದಿರಲಿಲ್ಲ.

ಕನ್ನಡದಲ್ಲಿ ಎಳೆಯರಿಗೆ ವಿಜ್ಞಾನವನ್ನು ಮುಟ್ಟಿಸುವ ಯತ್ನವು ಹೆಚ್ಚಾಗಿ ಶಾಲೆಯ ಹೊರಗೇ ನಡೆಯಿತು. ಬೆಳ್ಳಾವೆ ವೆಂಕಟನಾರಣಪ್ಪ, ನಂಗಪುರಂ ವೆಂಕಟೇಶ ಅಯ್ಯಂಗಾರ್ ಅವರು 1918ರಲ್ಲಿ ಆರಂಭಿಸಿದ 'ವಿಜ್ಞಾನ' ಮಾಸಪತ್ರಿಕೆ ಎರಡೇ ವರ್ಷ ನಡೆದರೂ ಭಾಷೆಯ ದಾರಿಯನ್ನು ಕಡಿಯಿತು. ಶಿವರಾಮ ಕಾರಂತರು 1936ರಲ್ಲಿ ಮೂರು ಸಂಪುಟಗಳ 'ಬಾಲಪ್ರಪಂಚ'ವನ್ನು ಹೊರತಂದರು. ಪುತ್ತೂರಿನ ಬಾಲವನದಲ್ಲಿ ಮಕ್ಕಳೊಡನೆ ಅವರು ನಡೆಸಿದ ಪ್ರಯೋಗಗಳ ಕೈಗೂಸೇ ಅದು ಎಂದರೂ ಸಲ್ಲುತ್ತದೆ. 1978ರಲ್ಲಿ 'ಬಾಲವಿಜ್ಞಾನ' ಪತ್ರಿಕೆ ಹುಟ್ಟಿತು. ಇವೆಲ್ಲ ಪುಸ್ತಕದ ದಾರಿ. ಮಗುವಿನ ಪಕ್ಕದಲ್ಲಿ ಕುಳಿತು ಕಲಿಸುವ ದಾರಿಗೆ ಇತ್ತೀಚಿನ ದೊಡ್ಡ ಉದಾಹರಣೆಗಳು ಎರಡು. ಎರಡೂ ಕನ್ನಡನಾಡಿನ ಹೊರಗಿನವು.

1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ ಹದಿನಾರು ಮಾಧ್ಯಮಿಕ ಶಾಲೆಗಳಲ್ಲಿ, ಅನಿಲ್ ಸದ್ಗೋಪಾಲರ ಕಿಶೋರ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ಗ್ರಾಮೀಣ ಕೇಂದ್ರಗಳು ಪ್ರಯೋಗಮೂಲವಾದ ವಿಜ್ಞಾನ ಪಾಠವನ್ನು ಆರಂಭಿಸಿದುವು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹಬ್ಬಿತು. 1982ರಿಂದ ಏಕಲವ್ಯ ಸಂಸ್ಥೆ ಅದನ್ನು ನೋಡಿಕೊಂಡಿತು. ಅದರ ಪಠ್ಯಗಳಲ್ಲಿ 'ಸವಾಲೀರಾಮ' ಎಂಬ ಕಲ್ಪಿತ ವ್ಯಕ್ತಿಯೊಬ್ಬನಿದ್ದ. ಮಕ್ಕಳು ಅವನ ಹೆಸರಿಗೆ ಪ್ರಶ್ನೆಗಳನ್ನು ಅಂಚೆಯಲ್ಲಿ ಕಳುಹಿಸಿದರೆ ಬಲ್ಲವರು ಅವನ ಹೆಸರಿನಲ್ಲಿ ಉತ್ತರ ಬರೆಯುತ್ತಿದ್ದರು. ಮಿಸೆಸ್ ಬಿ.ಗೆ ದೊರೆತ ದೇಶೀ ಉತ್ತರಾಧಿಕಾರಿಯೆಂದು ಇವನನ್ನು ಕರೆಯಬಹುದು. ಮೂವತ್ತು ವರ್ಷ ನಡೆದ ಈ ಕಾರ್ಯಕ್ರಮವನ್ನು 2002ರಲ್ಲಿ ರಾಜ್ಯಸರಕಾರವು ಒಂದು ಆಜ್ಞೆಯಿಂದ ನಿಲ್ಲಿಸಿತು.

ಎರಡನೆಯದು ಮುಂಬಯಿಯದೇ. 1974ರಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಅಂಗವಾಗಿ ಹುಟ್ಟಿದ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಮೊದಲ ನಿರ್ದೇಶಕರು ವಿ. ಜಿ. ಕುಲಕರ್ಣಿಯವರು. 1980ರ ದಶಕದ ಮೊದಲಲ್ಲಿ ಅವರೂ ಎಸ್. ಸಿ. ಅಗರ್ಕರ್ ಅವರೂ ನಗರಪಾಲಿಕೆಯ ಶಾಲೆಗಳಲ್ಲಿ ಓದುತ್ತಿದ್ದ ದಲಿತ ವಿದ್ಯಾರ್ಥಿಗಳನ್ನು ಆರಿಸಿಕೊಂಡು, ಎಂಟನೆಯ ಇಯತ್ತೆಯಿಂದ ಶಾಲಾಂತ ಪರೀಕ್ಷೆಯವರೆಗೆ ಅವರಿಗೆ ಹೆಚ್ಚಿನ ಪಾಠವನ್ನು ಹೇಳಿಸಿದರು. ಫಲ ಚೆನ್ನಾಗಿಯೇ ಬಂದಿತು. ಆದರೆ ಅಂಕಗಳಿಗಿಂತಲೂ ಬೆಲೆಯುಳ್ಳದ್ದು ಅವರು ಕಂಡ ಕಾರಣ. ಈ ಮಕ್ಕಳು ಎಡವುತ್ತಿದ್ದುದು ವಿಜ್ಞಾನದಲ್ಲಿ ಎನ್ನುವುದಕ್ಕಿಂತ ಪಠ್ಯದ ಭಾಷೆಯಲ್ಲಿ. ಮಾತೃಭಾಷೆಯ ಪುಸ್ತಕವೇ ಆದರೂ ಅದರ ಸಂಸ್ಕೃತಮಯ ವಾಕ್ಯಗಳು ಮನೆಯಲ್ಲಿ ಯಾರೂ ಆಡದ ಮಾತುಗಳು. ಬರೆಹವನ್ನು ಸರಳಗೊಳಿಸಿದಾಗ ತರಗತಿಯಲ್ಲಿ ಪ್ರಶ್ನೆಗಳು ಹೆಚ್ಚಿದುವು. ತೊಡಕಿನ ಬೇರು ಕೆಳಗಿನ ಇಯತ್ತೆಗಳಲ್ಲಿದೆಯೆಂಬ ಅರಿವಿನ ದಿಕ್ಕಿನಲ್ಲಿಯೇ, ಅದೇ ಕೇಂದ್ರದ ಜಯಶ್ರೀ ರಾಮದಾಸ್ ಅವರು ಮುಂದೆ ಪ್ರಾಥಮಿಕ ಮಕ್ಕಳಿಗಾಗಿ 'ಸ್ಮಾಲ್ ಸೈನ್ಸ್' ಎಂಬ ಪುಸ್ತಕಮಾಲೆಯನ್ನು ರಚಿಸಿದರು; ಪ್ರತಿಯೊಂದು ಇಯತ್ತೆಗೂ ಮಗುವಿಗೊಂದು ಪಠ್ಯ, ಬರೆಯಲೊಂದು ಪುಸ್ತಕ, ಕಲಿಸುವವರಿಗೊಂದು ಕೈಪಿಡಿ. ಮರಾಠಿ, ಹಿಂದಿಗಳಲ್ಲಿ ಅದಕ್ಕೆ 'ಹಲಕೆ ಫುಲಕೆ ವಿಜ್ಞಾನ' ಎಂಬ ಲಘುವಾದ ಹೆಸರು.

ಹೊರನಾಡಿನ ಕನ್ನಡಿಗರಿಗೆ ಭಾಷೆಯ ಈ ಮಾತು ಬೇರೆಯವರಿಗಿಂತ ಒಂದು ಪಟ್ಟು ಹೆಚ್ಚೇ ತಾಗುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಿಂದ ಮುಂಬಯಿಯ ಕೋಟೆ ಪ್ರದೇಶದಲ್ಲಿ ಹೋಟೆಲು, ಕ್ಯಾಂಟೀನುಗಳಲ್ಲಿ ದುಡಿಯುವ ಹುಡುಗರಿಗಾಗಿ ಕನ್ನಡಿಗರು ರಾತ್ರಿ ಶಾಲೆಗಳನ್ನು ನಡೆಸಿದರು. ಹಗಲೆಲ್ಲ ಬಾಯ್ಲರಿನ ಆವಿ, ಹಬೆಯಲ್ಲಿ ಬೇಯುವ ಇಡ್ಲಿ, ಮುಚ್ಚಳದ ಕೆಳಗಿನ ಹನಿ, ಉಕ್ಕಿ ಬರುವ ಹಾಲು ಇವುಗಳ ನಡುವೆಯೇ ನಿಂತು ಬಂದ ಹುಡುಗರು ಅವರು. ಡಾಸನಿಗೆ ಇಂಥ ಶಿಷ್ಯರು ಸಿಕ್ಕಿದ್ದರೆ ಅವನ ಕೈಪಿಡಿಗೆ ಇನ್ನೊಂದು ಅಧ್ಯಾಯವೇ ಸೇರುತ್ತಿತ್ತು. ಅವರ ಮೊಮ್ಮಕ್ಕಳು ಇಂದು ಮನೆಯಲ್ಲಿ ತುಳುವನ್ನೋ ಕನ್ನಡವನ್ನೋ, ಬೀದಿಯಲ್ಲಿ ಮರಾಠಿ ಹಿಂದಿಗಳನ್ನು, ಪುಸ್ತಕದಲ್ಲಿ ಇಂಗ್ಲಿಷನ್ನು ಕಾಣುತ್ತಾರೆ. ಶಾಲೆ ಬಿಟ್ಟ ಮೇಲೆ ಅವರು ಹೋಗುವ ಶಿಕವಣಿಯ ವರ್ಗಗಳಲ್ಲಿ ನಡೆಯುವುದು ಹೆಚ್ಚಾಗಿ ಪ್ರಶ್ನಪತ್ರಿಕೆಗಳ ಉತ್ತರಗಳು. ಅಲ್ಲಿನ ಹಾಸಲೂ ಫಲಾನುಸಾರವಾದುದೇ.